ಮೀಟರ್ ಪರವಾಗಿಲ್ಲ, ಯೂನಿಟ್ ಬಟನ್ ಮಾತ್ರ ಕೈಕೊಟ್ಟಿತು

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್. 19 ವರ್ಷವಾಯಿತು. ಹೋದ ಮಳೆಗಾಲದಲ್ಲಿ 9,000 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ವಿಕಿರಣ ಅಳೆಯುವ ಒಂದು ಪಾಕೆಟ್ ಗೈಗರ್ ಮೀಟರ್ ತರಿಸಿದೆ. ಅಗತ್ಯ ಇತ್ತಾ ಅಂದರೆ ಇರಲಿಲ್ಲ. ಆಸೆ, ಅಷ್ಟೆ.

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಆನ್ ಮಾಡಿದೆ. ಗಂಟೆಗೆ 0.12 ಮೈಕ್ರೋಸೀವರ್ಟ್ ತೋರಿಸಿತು. ಮೈಗೆ ತಾಗುವ ವಿಕಿರಣವನ್ನು ಹೇಳುವ ಯೂನಿಟ್ ಇದು. ಮಣ್ಣು, ಕಲ್ಲು, ಆಕಾಶದಿಂದ ಬರುವ ಮಾಮೂಲಿ ವಿಕಿರಣ ಅದು. ಬಟನ್ ಒತ್ತಿದರೆ ಅದೇ ಇನ್ನೊಂದು ಯೂನಿಟ್ಟಿನಲ್ಲಿ 0.012 ಮಿಲಿರಾಂಟ್ಜೆನ್ ಆಗುತ್ತದೆ. ಇನ್ನೊಮ್ಮೆ ಒತ್ತಿದರೆ ಸಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಎಣಿಕೆ ಅಂತ.

ತಕರಾರು ಇಲ್ಲೇ ಇರುವುದು. ಬ್ಯಾಟರಿ ಬದಲಿಸಿದರೆ ಮೀಟರ್ ತಾನಾಗಿ ಮಿಲಿರಾಂಟ್ಜೆನ್‌ಗೆ ಹೋಗಿಬಿಡುತ್ತದೆ. ಯೂನಿಟ್ಟಿನ ಅಕ್ಷರವೋ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದು. ಒಂದು ದಿನ ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಓಡುವಾಗ ನಮ್ಮ ಹೊಸ ಹುಡುಗನ ಕೈಗೆ ಕೊಟ್ಟಿದ್ದೆ. ಅವನು ಪುಸ್ತಕದಲ್ಲಿ ಬರೀ 0.4 ಅಂತ ಬರೆದಿಟ್ಟ. ನಾನು ಮೈಕ್ರೋಸೀವರ್ಟ್ ಅಂದುಕೊಂಡೆ. ಅದು ಮಿಲಿರಾಂಟ್ಜೆನ್, ಹತ್ತು ಪಟ್ಟು ಜಾಸ್ತಿ! ಅಮ್ಮನಿಗೆ ಹೇಳಿದರೆ, "ಕಳಸೆ ಅಕ್ಕಿಯನ್ನು ಸೇರು ಅಂತ ಬರೆದ ಹಾಗಾಯಿತಲ್ಲೋ" ಅಂದರು. ಕಳಸೆ ಅಂದರೆ ನಮ್ಮ ಕಡೆಯ ಅಳತೆ, ಹಲವು ಸೇರು ಸೇರಿದರೆ ಒಂದು ಕಳಸೆ.

ಹೊಸದಾಗಿ ಕೊಳ್ಳುವವರು ಮೈಕ್ರೋಸೀವರ್ಟಿಗೇ ಹೊಂದಿಸಿಕೊಳ್ಳಿ. ನಮಗೆ ತಾಗಿದ ವಿಕಿರಣವನ್ನು ದಾಖಲಿಸಲು ಎದೆಗೆ ಹಾಕುವ ಟಿಎಲ್‌ಡಿ ಬ್ಯಾಡ್ಜಿನ ವರದಿ ಬರುವುದು ಮಿಲಿಸೀವರ್ಟಿನಲ್ಲಿ. ಎಇಆರ್‌ಬಿ, ಅಂದರೆ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಹಾಕಿದ ಮಿತಿಯೂ ಅದರಲ್ಲೇ. ನಮ್ಮಂಥ ಕೆಲಸದವರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವ ವರ್ಷವೂ 30 ದಾಟಬಾರದು. ಮೀಟರಿನ ಮೈಕ್ರೋಸೀವರ್ಟನ್ನು ಸಾವಿರದಿಂದ ಭಾಗಿಸಿದರೆ ಮಿಲಿಸೀವರ್ಟ್, ಲೆಕ್ಕ ಮುಗಿಯಿತು. ರಾಂಟ್ಜೆನ್ ಹೇಳುವುದು ಗಾಳಿಯಲ್ಲಿ ಏನಾಯಿತು ಅಂತ, ಮೈಗೆ ಏನಾಯಿತು ಅಂತ ಅಲ್ಲ.

ಹಾಗಂತ ಮೈಕ್ರೋಸೀವರ್ಟ್ ಅಂಕಿಯನ್ನೂ ಪೂರ್ತಿ ನಂಬಬೇಡಿ. ಇಂಥ ಮೀಟರುಗಳನ್ನು ಸಾಮಾನ್ಯವಾಗಿ ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತು ಇಟ್ಟು ಹೊಂದಿಸಿರುತ್ತಾರೆ. ನಮ್ಮ ಎಕ್ಸ್‌ರೇಯ ಶಕ್ತಿ ಅದಕ್ಕಿಂತ ತುಂಬಾ ಕಡಿಮೆ. ಅಲ್ಲಿ ಮೀಟರಿನೊಳಗಿನ ಸಾದಾ ಗೈಗರ್ ಟ್ಯೂಬ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಎದೆಯ ಎಕ್ಸ್‌ರೇಯಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಮೀಟರ್ ಎಚ್ಚರಗೊಳ್ಳುವುದೇ ಇಲ್ಲ. ಎಕ್ಸ್‌ರೇ ಕೋಣೆಯ ಬಾಗಿಲಿನಿಂದ ವಿಕಿರಣ ಸೋರುತ್ತದೆಯೇ ಅಂತ ನೋಡಲು ಅಯಾನ್ ಚೇಂಬರ್ ಎಂಬ ಬೇರೆ ಬಗೆಯ ಮೀಟರೇ ಬೇಕು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಟಿಕ್ ಟಿಕ್ ಸದ್ದು ಮಕ್ಕಳಿಗೆ ಖುಷಿ. ಯೂನಿಟ್ ಲಾಕ್ ಇದ್ದಿದ್ದರೆ ನಾಲ್ಕು ಕೊಡುತ್ತಿದ್ದೆ. ಈಗ ವಾರ್ಡಿನ ಬಿಳಿ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ 'ಯೂನಿಟ್ ನೋಡು' ಅಂತ ದಪ್ಪಕ್ಕೆ ಬರೆದಿಟ್ಟಿದ್ದೇನೆ.