ಎ.ಸಿ. ಗುಂಡಿಯಿಲ್ಲದ ಎಸ್‌ಯುವಿ: ವರ್ಷದ ಬಳಕೆಯ ನಂತರ

ಎಂಜಿನ್, ಮೈಲೇಜ್, ಡಿಕ್ಕಿಯ ಅಳತೆಗಳನ್ನು ಓದುಗರು ಈಗಾಗಲೇ ನೋಡಿರುತ್ತಾರೆ. ವರ್ಷಕ್ಕೂ ಮಿಕ್ಕಿ ಈ ಎಸ್‌ಯುವಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೂರದ ಊರುಗಳಿಗೆ ಹೋಗಿಬಂದ ನನಗೆ ಮುಖ್ಯವಾಗಿ ಹೇಳಬೇಕೆನ್ನಿಸಿದ್ದು ಬೇರೆಯೇ ಇದೆ: ಎ.ಸಿ.ಯ ತಂಪನ್ನು ಹೆಚ್ಚು ಕಡಿಮೆ ಮಾಡಲು ಇದರಲ್ಲಿ ಒಂದೇ ಒಂದು ಗುಂಡಿಯೂ ಇಲ್ಲ.

ಎ.ಸಿ.ಯನ್ನು ತಾನೇ ತಂಪು ಹೊಂದಿಸಿಕೊಳ್ಳುವ ‘ಆಟೋ’ಗೆ ಹಾಕಿ ಮರೆತುಬಿಡಿ ಎಂದು ಸಲಹೆ ಕೊಡುವವರು ಮೂರು ಸಾಲು ಜನರನ್ನು ಕೂರಿಸಿಕೊಂಡು ಇಡೀ ದಿನ ಓಡಿಸಿದವರಲ್ಲ. ರಸ್ತೆ ತಿರುಗಿದಂತೆ ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಮಕ್ಕಳು ನಿದ್ದೆಹೋಗುತ್ತಾರೆ, ಹಿಂದಿನ ಸೀಟಿನ ಹಿರಿಯರು ಚಳಿಯೆಂದು ಶಾಲು ಹೊದೆಯುತ್ತಾರೆ. ಹಳೆಯ ಕಾರಿನಲ್ಲಿ ಎಡಗೈ ತಾನಾಗಿಯೇ ಗುಂಡಿಯನ್ನು ಹುಡುಕಿಕೊಂಡು, ಎರಡು ಸಲ ಟಿಕ್ಕೆನ್ನುವಷ್ಟು ತಿರುಗಿಸಿ, ಸ್ಟಿಯರಿಂಗಿಗೆ ಮರಳುತ್ತಿತ್ತು. ಇಲ್ಲಿ ಪರದೆಯ ಮೂಲೆಯ ಫ್ಯಾನಿನ ಚಿತ್ರವನ್ನು ಒತ್ತಬೇಕು, ನಕಾಶೆ ಮರೆಯಾಗಿ ಎ.ಸಿ.ಯ ಪುಟ ಬರುವವರೆಗೆ ಕಾಯಬೇಕು, ಆಮೇಲೆ ತೆಳ್ಳಗಿನ ಗೆರೆಯೊಂದರ ಮೇಲೆ ಬೆರಳು ಸರಿಸಬೇಕು. ಅಷ್ಟರಲ್ಲಿ ಚಕ್ರ ರಸ್ತೆಯ ಹಳ್ಳವೊಂದಕ್ಕಿಳಿದರೆ 24 ಡಿಗ್ರಿ ಇದ್ದದ್ದು 18 ಆಗಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ತಪ್ಪಿದರೆ ವಾಹನ ಸುಮಾರು 55 ಮೀಟರ್ ಮುಂದೆ ಹೋಗಿರುತ್ತದೆ. 2022ರಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ಎ.ಸಿ., ರೇಡಿಯೊ ಮುಂತಾದವುಗಳ ನಾಲ್ಕು ಕೆಲಸಗಳನ್ನು ಓಡುವ ಕಾರುಗಳಲ್ಲಿ ಮಾಡಿಸಿ ನೋಡಿದಾಗ, ಗುಂಡಿಗಳಿದ್ದ 2005ರ ವೋಲ್ವೊ ವಿ70ರಲ್ಲಿ ಅವು 10 ಸೆಕೆಂಡಿನಲ್ಲಿ ಮುಗಿದವು. ಎಲ್ಲಕ್ಕಿಂತ ಹಿಂದುಳಿದ ಟಚ್ ಸ್ಕ್ರೀನ್ ಕಾರಿನಲ್ಲಿ 40 ಸೆಕೆಂಡಿಗೂ ಹೆಚ್ಚು ಹಿಡಿಯಿತು.

ಇದಕ್ಕಿಂತ ಕೆರಳಿಸುವ ಸಂಗತಿಯೊಂದಿದೆ. ಚಾಲಕನ ಕಣ್ಣು ರಸ್ತೆಯ ಮೇಲಿದೆಯೇ ಎಂದು ಗಮನಿಸುವ ಕ್ಯಾಮೆರಾ ಸ್ಟಿಯರಿಂಗಿನ ಹಿಂದೆ ಕುಳಿತಿದೆ. ನಾನು ಎ.ಸಿ. ಸರಿಪಡಿಸಲು ಪರದೆಯತ್ತ ನೋಡಿದೊಡನೆ ಅದು ಪೀಂಗುಟ್ಟಿ ‘ರಸ್ತೆ ಗಮನಿಸಿ’ ಎಂದು ಗದರುತ್ತದೆ. ಕೆಲಸ ಹಚ್ಚುವುದೂ ಅದೇ ಕಾರು, ಬೈಯುವುದೂ ಅದೇ ಕಾರು.

ಇಷ್ಟಾದರೂ ಈ ವಾಹನವನ್ನು ಮಾರಬೇಕೆಂದು ನನಗೆ ಅನ್ನಿಸಿಲ್ಲ. ಅದಕ್ಕೆ ಕಾರಣ, ಮುಂದಿನ ವಾಹನದ ವೇಗಕ್ಕೆ ತಾನೇ ಹೊಂದಿಕೊಳ್ಳುವ ಕ್ರೂಸ್ ಕಂಟ್ರೋಲ್. ಅದರ ಗುಂಡಿಗಳು ಸ್ಟಿಯರಿಂಗಿನ ಮೇಲೆಯೇ ಇವೆ, ಒತ್ತಿದ್ದು ಬೆರಳಿಗೆ ತಿಳಿಯುತ್ತದೆ. ಹೆದ್ದಾರಿ ಸೇರಿದ ಕೂಡಲೇ ಹೆಬ್ಬೆರಳಿನಿಂದ ವೇಗ ನಿಗದಿ ಮಾಡಿ, ಮುಂದಿನ ವಾಹನದೊಂದಿಗಿನ ಅಂತರವನ್ನು ಅತಿ ಹೆಚ್ಚಿಗೆ ಇರಿಸಿ, ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆದು ಮಡಚಿಕೊಳ್ಳುವ ಆ ಗಳಿಗೆಗಾಗಿ ನಾನು ಕಾಯುತ್ತಿರುತ್ತೇನೆ. ಯಾರಾದರೂ ಅಂತರದೊಳಗೆ ನುಸುಳಿದರೂ ಬ್ರೇಕು ಎಷ್ಟು ಮೆತ್ತಗೆ ಬೀಳುತ್ತದೆಯೆಂದರೆ ಮಲಗಿದ ಮಕ್ಕಳು ಮಿಸುಕುವುದಿಲ್ಲ. ಇಳಿಯುವಾಗ ಮೊದಲಿನಂತೆ ಮೊಣಕಾಲು ನೋಯುವುದಿಲ್ಲ. ಆದರೆ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯನ್ನು ಇಂಥ ವ್ಯವಸ್ಥೆ ಸಕಾಲಕ್ಕೆ ಗುರುತಿಸದೇ ಹೋಗಬಹುದೆಂದು ಕೈಪಿಡಿಯೇ ಎಚ್ಚರಿಸುವುದರಿಂದ ಮಡಚಿದ ಕಾಲು ಬ್ರೇಕಿನಿಂದ ದೂರ ಹೋಗಬಾರದು.

ಲೇನ್ ಹಿಡಿದಿಡುವ ಸಹಾಯ ಅಷ್ಟಕ್ಕಷ್ಟೆ. ಬಿಳಿ ಗೆರೆ ಅಳಿಸಿದಲ್ಲಿ ಅದು ಕೈಬಿಡುತ್ತದೆ. ನೇರ ರಸ್ತೆಯಲ್ಲಿ ಎರಡೂ ಕೈ ಇಟ್ಟಿದ್ದರೂ ‘ಸ್ಟಿಯರಿಂಗ್ ಹಿಡಿಯಿರಿ’ ಎನ್ನುತ್ತದೆ, ಏಕೆಂದರೆ ಅದು ಅಳೆಯುವುದು ಕೈಯ ಸ್ಪರ್ಶವನ್ನಲ್ಲ, ತಿರುಗಿಸುವ ಒತ್ತಡವನ್ನು. ನಾನು ಅದನ್ನು ಹೆಚ್ಚಾಗಿ ಆಫ್ ಮಾಡಿಯೇ ಇಡುತ್ತೇನೆ.

ಈ ಕ್ರೂಸ್ ಕಂಟ್ರೋಲ್ ಇರುವುದು ದುಬಾರಿ ಮಾದರಿಯಲ್ಲಿ ಮಾತ್ರ. ಕಡಿಮೆ ಬೆಲೆಯ ಮಾದರಿಯಲ್ಲಿ ಅದಿಲ್ಲ, ಆದರೆ ಎ.ಸಿ.ಗೆ ತಿರುಗಿಸುವ ಗುಂಡಿಗಳಿವೆ! ಹೆಚ್ಚಿನ ಪ್ರಯಾಣ ಊರೊಳಗೇ ಆಗುವುದಾದರೆ ಆ ಮಾದರಿಯನ್ನೇ ಕೊಂಡು ಹಣ ಉಳಿಸಿಕೊಳ್ಳಿ. ತಿಂಗಳಿಗೊಮ್ಮೆಯಾದರೂ ಇಡೀ ದಿನ ಓಡಿಸುವವರು ದುಬಾರಿಯದನ್ನೇ ಕೊಂಡು, ಪಕ್ಕದ ಸೀಟಿನವರಿಗೆ ಎ.ಸಿ.ಯ ಅಧಿಕಾರವನ್ನು ಪೂರ್ತಿಯಾಗಿ ಒಪ್ಪಿಸಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಈಗ ಹಾಗೆಯೇ ನಡೆಯುತ್ತಿದೆ.