ಗಂಗಾವತಿಯಿಂದ ಎರಡು ದಿನದ ಪರಿಸರ ಅಧ್ಯಯನ ಪ್ರವಾಸ: ಮಕ್ಕಳನ್ನು ಕರೆದೊಯ್ದ ಶಿಕ್ಷಕಿಯ ಅನುಭವ

ಕರಪತ್ರದಲ್ಲಿ "ಉಷ್ಣವಲಯದ ಪರಿಸರ ಮತ್ತು ಸಂರಕ್ಷಣೆ" ಎಂದು ದೊಡ್ಡ ಅಕ್ಷರದಲ್ಲಿತ್ತು. ಅದನ್ನು ಓದಿದ ನಮ್ಮ ಒಂಬತ್ತನೇ ತರಗತಿಯ 22 ಮಕ್ಕಳು ಆಗುಂಬೆ ಕಡೆ ಹೊರಟಿದ್ದೇವೆ ಅಂತಲೇ ತಿಳಿದಿದ್ದರು. ಸಂಕ್ರಾಂತಿ ಮುಗಿದ ವಾರ, ಬಸ್ಸು ಆನೆಗೊಂದಿ ದಾರಿ ಹಿಡಿದಾಗ ಹಿಂದಿನ ಸೀಟಿನಿಂದ ಒಬ್ಬಳು ಕೂಗಿದಳು: "ಮೇಡಂ, ಇದು ನಮ್ಮ ಕಡೀನೇ ಅಲ್ಲೇನ್ರಿ? ಕಾಡು ಎಲ್ಲೈತ್ರಿ?"

ಮಾರ್ಗದರ್ಶಿ ಕಮಲಾಪುರದ ಹುಡುಗ. ಬಸ್ಸು ನಿಲ್ಲಿಸಿ, ಬಂಡೆಗುಡ್ಡದ ಬುಡದಲ್ಲಿ ಎಲ್ಲರನ್ನೂ ಇಳಿಸಿದ. ಕರ್ಕಾಟಕ ಸಂಕ್ರಾಂತಿ ವೃತ್ತ 23.5 ಡಿಗ್ರಿಯಲ್ಲಿದೆ, ನಾವು ನಿಂತಿರುವುದು 15ರಲ್ಲಿ. ಆಗುಂಬೆಯಂತೆ ಈ ಗುಡ್ಡವೂ ಉಷ್ಣವಲಯವೇ ಎಂದ. ಅಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ, ಇಲ್ಲಿ 600ರ ಆಸುಪಾಸು. ಆ ಕಡಿಮೆ ನೀರಿನಲ್ಲಿ ಬದುಕಲು ಜಾಲಿ, ಬಾರೆ, ಕವಳೆ, ಕಕ್ಕೆ ಏನೇನು ಉಪಾಯ ಮಾಡಿಕೊಂಡಿವೆ ಎಂದು ಎಲೆ ಮುಟ್ಟಿಸಿ, ಮುಳ್ಳು ಚುಚ್ಚಿಸಿಕೊಂಡೇ ತೋರಿಸಿದ. ಹದಿನಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಉಷ್ಣವಲಯ ಅಂದಾಗಲೆಲ್ಲ ನಾನು ಬೋರ್ಡಿನ ಮೇಲೆ ಬರೆದದ್ದು ಮಳೆಕಾಡಿನ ಚಿತ್ರವನ್ನೇ.

ಮರುದಿನ ಬೆಳಿಗ್ಗೆ ಆರಕ್ಕೆ ತುಂಗಭದ್ರೆಯ ದಂಡೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಒಂದು ತಾಸು ಏನೂ ಕಾಣಲಿಲ್ಲ. ಆ ಹೊತ್ತಿನಲ್ಲಿ ಹುಡುಗ ಮಕ್ಕಳನ್ನು ಬಂಡೆಗಳ ಮೇಲೆ ಹಿಕ್ಕೆ ಹುಡುಕಲು ಹಚ್ಚಿದ. ಸಿಕ್ಕಿತು, ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ಕಣ್ಣಿಗೇ ಕಾಣುವಂತಿದ್ದವು. ಮೂಗು ಮುಚ್ಚಿಕೊಂಡಿದ್ದವರೇ ಐದು ನಿಮಿಷದಲ್ಲಿ ಕಡ್ಡಿ ಹಿಡಿದು ಕೂತಿದ್ದರು. ಏಳೂವರೆ ಸುಮಾರಿಗೆ ಆಚೆ ದಡದಲ್ಲಿ ಮೂರು ತಲೆ ಎದ್ದವು. ಯಾರೂ ಕಿರುಚಲಿಲ್ಲ, ನನಗೆ ಅದೇ ದೊಡ್ಡ ಆಶ್ಚರ್ಯ.

ಆಗ ಮೀನುಗಾರರ ಮನೆಯ ಹುಡುಗನೊಬ್ಬ ಮೆಲ್ಲಗೆ ಹೇಳಿದ: "ಇವು ನಮ್ಮಪ್ಪನ ಬಲಿ ಹರೀತಾವ್ರಿ." ಇಂಥ ಮಾತು ಬಂದಾಗ ಪ್ರಾಣಿದಯೆಯ ಭಾಷಣ ಶುರುವಾಗುವುದನ್ನು ಬೇಕಾದಷ್ಟು ಕೇಳಿದ್ದೇನೆ. ಈ ಮಾರ್ಗದರ್ಶಿ ಹಾಗೆ ಮಾಡಲಿಲ್ಲ. ಬಲೆಗೆ ಎಷ್ಟು ಖರ್ಚು, ಹರಿದರೆ ಎಷ್ಟು ದಿನದ ದುಡಿಮೆ ಹೋಗುತ್ತದೆ ಎಂದು ಹುಡುಗನಿಂದಲೇ ಲೆಕ್ಕ ಬರೆಸಿದ. ಆಮೇಲೆ, ನೀರಿನಲ್ಲಿ ಮದ್ದು ಸಿಡಿಸಿ ಮೀನು ಹಿಡಿದರೆ ಮರಿಮೀನೂ ಸಾಯುತ್ತದೆ, ನೀರುನಾಯಿಯೂ ಸಾಯುತ್ತದೆ, ನಿಮ್ಮಪ್ಪನ ಬಲೆಯೂ ಖಾಲಿಯಾಗುತ್ತದೆ ಎಂದ. ಇಡೀ ಪ್ರವಾಸಕ್ಕೆ ಕೊಟ್ಟ ತಲಾ 1,400 ರೂಪಾಯಿ ಈ ಅರ್ಧ ತಾಸಿಗೇ ಸಂದಿತು.

ಮಧ್ಯಾಹ್ನ ದರೋಜಿ ಕರಡಿಧಾಮ. 1994ರಲ್ಲಿ ಘೋಷಣೆಯಾದ ಧಾಮ ಇದು. ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಸಿಬ್ಬಂದಿ ಬೆಲ್ಲ ಬೆರೆಸಿದ ಪಾಕ ಸವರಿ ಹೋಗುತ್ತಾರೆ, ಕರಡಿಗಳು ಇಳಿದು ಬರುತ್ತವೆ. ಅಂದು ತಾಯಿ ಮತ್ತು ಎರಡು ಮರಿ ಬಂದವು. ಮರಿಗಳು ಬೆನ್ನಿನ ಮೇಲೇ ಇದ್ದವು. "ದಿನಾ ಬೆಲ್ಲ ಕೊಟ್ರ ಹುತ್ತ ಅಗಿಯೋದು ಮರೀತಾವೇನ್ರಿ?" ಎಂದು ಒಬ್ಬಳು ಕೇಳಿದಳು. ನನಗೂ ಅದೇ ಕಾಡುತ್ತಿತ್ತು. ಕರಡಿ ಕಾಣಿಸಲೆಂದು ಮಾಡುವ ಈ ಏರ್ಪಾಟು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಾರ್ಗದರ್ಶಿ ಪ್ರಶ್ನೆಯನ್ನು ಹಾರಿಸಲಿಲ್ಲ. ಇದು ಚರ್ಚೆಯಾಗಬೇಕಾದ ವಿಷಯವೇ ಎಂದು ಒಪ್ಪಿಕೊಂಡು, ತನ್ನ ಚೀಲದಿಂದ ಒಣಗಿದ ಕರಡಿ ಹಿಕ್ಕೆ ತೆಗೆದ. ಬಾರೆ ಬೀಜ, ಇರುವೆ ತಲೆ, ಕಕ್ಕೆ ಬೀಜ. ಮೇಲಿನ ಎರಡು ಮುಂಹಲ್ಲು ಇಲ್ಲದ ಆ ಸಂದಿನಿಂದ ಕರಡಿ ಗೆದ್ದಲನ್ನು ಹೀರುತ್ತದೆ, ತಿಂದ ಹಣ್ಣಿನ ಬೀಜವನ್ನು ಗುಡ್ಡದ ತುಂಬ ಬಿತ್ತುತ್ತದೆ ಎಂದು ಅಲ್ಲೇ ತಿಳಿಯಿತು.

ಕೊರತೆಗಳನ್ನೂ ಹೇಳಲೇಬೇಕು. 22 ಮಕ್ಕಳಿಗೆ ನಾಲ್ಕೇ ದುರ್ಬೀನು. ಹಳದಿ ಕತ್ತಿನ ಪಿಕಳಾರ ಬಂಡೆಯ ಮೇಲೆ ಕೂತಾಗ ನೋಡಿದವರು ಆರೇಳು ಮಂದಿ. ಮೊದಲ ದಿನದ ರಾತ್ರಿ ಬೇರೊಬ್ಬರು ಇಂಗ್ಲಿಷ್ ಸ್ಲೈಡುಗಳಲ್ಲಿ ಅಮೆಜಾನ್ ಬಗ್ಗೆ ಒಂದೂವರೆ ತಾಸು ಮಾತಾಡಿದರು, ಅರ್ಧ ಮಕ್ಕಳು ನಿದ್ದೆಹೋದರು. ತಂಗಿದ ಕಡೆ ಹುಡುಗಿಯರ ಶೌಚಾಲಯಕ್ಕೆ ಒಳಚಿಲಕ ಇರಲಿಲ್ಲ. ಹನ್ನೊಂದು ಹುಡುಗಿಯರಿಗೂ ರಾತ್ರಿಯಿಡೀ ನಾನೇ ಬಾಗಿಲು ಕಾದೆ. ಇದನ್ನು ಸಣ್ಣದೆಂದು ಯಾವ ಆಯೋಜಕರೂ ತಿಳಿಯಬಾರದು. ಊಟ ಚೆನ್ನಾಗಿತ್ತು, ರೊಟ್ಟಿ ಬಿಸಿಯಾಗಿದ್ದವು.

ಮುಂದಿನ ವರ್ಷದ ಮಕ್ಕಳಿಗೆ ಈಗಲೇ ಮುಂಗಡ ಕೊಟ್ಟಿದ್ದೇನೆ. ಹತ್ತು ದುರ್ಬೀನು, ರಾತ್ರಿ ಪಾಠ ಕನ್ನಡದಲ್ಲಿ, ಚಿಲಕ, ಅದೇ ಕಮಲಾಪುರದ ಹುಡುಗ: ನಾಲ್ಕನ್ನೂ ರಸೀದಿಯ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡಿದ್ದೇನೆ.