ಹಳೇ ಫೋನಾ, ಹೊಸ ಫೋನಾ, ದೊಡ್ಡ ಕ್ಯಾಮೆರಾನಾ? ಮಾದರಿ ರೈಲಿನ ಮುಂದೆ ಒಂದು ಸಂಜೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಲೇಔಟ್, ಅಂದರೆ ಹಳಿ, ಗುಡ್ಡ, ಸ್ಟೇಷನ್ ಎಲ್ಲ ಜೋಡಿಸಿದ ನಮ್ಮ ಮಾದರಿ ರೈಲಿನ ಪುಟ್ಟ ಲೋಕ; ಅದರ ಫೋಟೊ ತೆಗೆದು ಹಂಚಿಕೊಳ್ಳೋದಕ್ಕೆ ಅಂತ ಹೊಸ ಫೋನ್ ಕೊಳ್ಳಬೇಡಿ. ಡ್ರಾಯರಿನ ಮೂಲೆಯಲ್ಲಿ ಬಿದ್ದಿರುವ ಹಳೆಯದನ್ನು ಹುಡುಕಿ ಚಾರ್ಜಿಗೆ ಹಾಕಿ. ನಾನೂ ನಂಬಿರಲಿಲ್ಲ, ಹೊಸ ಫೋನಿನದ್ದು, ಹಳೇ ಫೋನಿನದ್ದು, ಕ್ಯಾಮೆರಾದ ಒಂದೇ ಕ್ಲಿಕ್ಕಿನದ್ದು, ಕ್ಯಾಮೆರಾದ ಹಲವು ಫೋಟೊ ಸೇರಿಸಿದ್ದು, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡುವ ತನಕ.

ನನ್ನದು ಎಚ್‌ಓ ಸ್ಕೇಲ್, ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ತಿರುವಿನಲ್ಲಿ ಮೂರು ಬೋಗಿಯ ಪ್ಯಾಸೆಂಜರ್ ನಿಲ್ಲಿಸಿದೆ. ಎಂಜಿನ್ ಮೂತಿ ಲೆನ್ಸಿಗೆ ಸುಮಾರು 25 ಸೆಂ.ಮೀ., ಕೊನೆಯ ಬೋಗಿ ಒಂದು ಮೀಟರಿಗಿಂತ ಸ್ವಲ್ಪ ಆಚೆ, ಅದರ ಹಿಂದೆ ನಾನೇ ಬಣ್ಣ ಬಳಿದ ಗುಡ್ಡ. ದೀಪ ಒಂದೇ, ಜಾಗ ಒಂದೇ. ನೋಡಿದ್ದೂ ಒಂದೇ ವಿಷಯ: ಇದು ರೈಲಿನ ಹಾಗೆ ಕಾಣುತ್ತಾ, ಆಟಿಕೆಯ ಹಾಗೆ ಕಾಣುತ್ತಾ?

ಹೊಸ ಫೋನಿನಿಂದ ಶುರು ಮಾಡಿದೆ. ಬಣ್ಣ ಸೊಗಸು, ಕತ್ತಲಲ್ಲೂ ಜಲ್ಲಿಕಲ್ಲು ಒಂದೊಂದಾಗಿ ಎಣಿಸಬಹುದು. ಆದರೆ ಎಂಜಿನ್ನಿಗೆ ಫೋಕಸ್ ಮಾಡಿದರೆ ಎರಡನೇ ಬೋಗಿಯಿಂದಲೇ ಮಸುಕು. ನೋಡಿದ ತಕ್ಷಣ ಆಟಿಕೆ! ನಿಜವಾದ ಊರಿನ ಫೋಟೊಗೆ ಮೇಲೂ ಕೆಳಗೂ ಮಸುಕು ಹಚ್ಚಿ ಅದನ್ನು ಬೊಂಬೆ ಊರು ಮಾಡುವ ಕರಾಮತ್ತು ನೋಡಿರುತ್ತೀರಿ, ನಮಗೆ ಅದೇ ಶತ್ರು. ಇನ್ನು ಸ್ವಲ್ಪ ಹತ್ತಿರ ಹೋದರೆ ಫೋನ್ ತಾನಾಗಿಯೇ ಅಗಲದ ಲೆನ್ಸಿಗೆ ಜಿಗಿಯುತ್ತದೆ. ಆಗ ಫೋಟೊದ ಅಂಚಿನಲ್ಲಿ ಇರುವುದೆಲ್ಲ ಹೊರಕ್ಕೆ ಎಳೆದ ಹಾಗೆ ಕಾಣುತ್ತದೆ, ಪ್ಲಾಟ್‌ಫಾರ್ಮಿನ ಕಂಬ ವಾಲುತ್ತದೆ. ಆ ಆಟೋಮ್ಯಾಟಿಕ್ ಬದಲಾವಣೆಯನ್ನು ಸೆಟ್ಟಿಂಗಿನಲ್ಲಿ ಹುಡುಕಿ ಆರಿಸುವಷ್ಟರಲ್ಲಿ ನನಗೆ ಸಾಕಾಯಿತು. ಪೋರ್ಟ್ರೇಟ್ ಮೋಡ್ ಅಂತೂ ಮುಟ್ಟಲೇಬೇಡಿ.

ಹಳೇ ಫೋನ್ ಪರದೆ ಒಡೆದದ್ದು, ಬ್ಯಾಟರಿ ಅರ್ಧ ಗಂಟೆ ಬಂದರೆ ಹೆಚ್ಚು. ಆದರೆ ಎಂಜಿನ್ ಮೂತಿಯಿಂದ ಮೂರನೇ ಬೋಗಿಯ ತನಕ ಎಲ್ಲವೂ ಓದಬಹುದಾದಷ್ಟು ಸ್ಪಷ್ಟ. ಇದರಲ್ಲಿ ಜಾದೂ ಏನಿಲ್ಲ, ಲೆಕ್ಕ ಅಷ್ಟೇ. ಅದರ ಸೆನ್ಸರ್ (ಬೆಳಕು ಹಿಡಿಯುವ ಚಿಪ್ಪು) 1/3 ಇಂಚಿನದು, ಲೆನ್ಸ್ ಎಫ್/2.2; ಈ ಎಫ್ ಸಂಖ್ಯೆ ದೊಡ್ಡದಾದಷ್ಟು ಲೆನ್ಸಿನ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು. ಇದನ್ನು ಫುಲ್ ಫ್ರೇಮ್, ಅಂದರೆ ಹಳೇ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾದ ಲೆಕ್ಕಕ್ಕೆ ತಂದರೆ ಫೋಕಸ್ ಆಳ ಎಫ್/16ರ ಹತ್ತಿರ ಬರುತ್ತದೆ. ಹೊಸದರ ಸೆನ್ಸರ್ 1/1.3 ಇಂಚು, ಲೆನ್ಸ್ ಎಫ್/1.8. ಅದೇ ಲೆಕ್ಕದಲ್ಲಿ ಅದು ಎಫ್/6.5ರ ಆಸುಪಾಸು. ಜನ ಹಣ ಕೊಟ್ಟು ತೆಗೆದುಕೊಳ್ಳುವ ದೊಡ್ಡ ಸೆನ್ಸರೇ ನಮ್ಮ ಕೆಲಸಕ್ಕೆ ಅಡ್ಡ, ವಿಚಿತ್ರ ಅಲ್ವಾ?

ಹಳೆಯದಕ್ಕೆ ಬೆಳಕು ಮಾತ್ರ ಜಾಸ್ತಿ ಬೇಕು. ಕಡಿಮೆ ಆದರೆ ಬೋಗಿಯ ನೀಲಿ ಬಣ್ಣದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಎಲ್‌ಇಡಿ ಪಟ್ಟಿಯನ್ನು ಡಿಮ್ಮರಿನಲ್ಲಿ ಇಳಿಸಿದ್ದೆ, ಫೋಟೊ ತುಂಬ ಅಡ್ಡಡ್ಡ ಪಟ್ಟೆ ಬಂತು. ಡಿಮ್ಮರ್ ದೀಪವನ್ನು ಬೇಗಬೇಗ ಹೊತ್ತಿಸಿ ಆರಿಸುತ್ತಿರುತ್ತದೆ, ಕಣ್ಣಿಗೆ ಗೊತ್ತಾಗದಿದ್ದರೂ ಫೋನಿನ ಶಟರಿಗೆ ಗೊತ್ತಾಗುತ್ತದೆ. ಪೂರ್ತಿ ಏರಿಸಿದ ಮೇಲೆ ಸರಿಹೋಯಿತು.

ಫೋನಿಗೆ ಇನ್ನೊಂದು ಲಾಭ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಅದನ್ನು ತಲೆಕೆಳಗು ಮಾಡಿ ಲೇಔಟ್ ಮೇಲೇ ನಿಲ್ಲಿಸಿ. ಲೆನ್ಸ್ ನೆಲದಿಂದ ಒಂದೂವರೆ ಸೆಂ.ಮೀ. ಮೇಲೆ ಇರುತ್ತದೆ, 87ರಿಂದ ಗುಣಿಸಿದರೆ 1.3 ಮೀಟರ್. ಅಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲು ನೋಡುತ್ತಿರುವ ಹುಡುಗನ ಕಣ್ಣಿನ ಎತ್ತರ. ದೊಡ್ಡ ಕ್ಯಾಮೆರಾವನ್ನು ಅದೇ ಜಾಗದಲ್ಲಿ ಕೂರಿಸಿದರೂ ಲೆನ್ಸಿನ ನಡುಭಾಗ ನಾಲ್ಕೂವರೆ ಸೆಂ.ಮೀ. ಮೇಲೆ, ಲೆಕ್ಕಕ್ಕೆ ಸುಮಾರು 4 ಮೀಟರ್. ಅದು ಮಹಡಿ ಕಿಟಕಿಯಿಂದ ಇಣುಕಿದ ನೋಟ. ಬೋಗಿಗಳ ಚಾವಣಿ ಕಂಡ ಕೂಡಲೇ ರೈಲು ಕುಗ್ಗಿಬಿಡುತ್ತದೆ.

ಎನ್ ಸ್ಕೇಲಿನವರಿಗೆ, ಅಂದರೆ 1:160ರವರಿಗೆ, ಈ ಕಷ್ಟ ಸುಮಾರು ಎರಡರಷ್ಟು. ಅಲ್ಲಿ ಮನುಷ್ಯನ ಕಣ್ಣು ಇರೋದೇ ಒಂದು ಸೆಂ.ಮೀ. ಎತ್ತರದಲ್ಲಿ.

ಕ್ಯಾಮೆರಾದಲ್ಲಿ ಮೊದಲು ಒಂದೇ ಕ್ಲಿಕ್ಕಿನ ಫೋಟೊ. ಎಪಿಎಸ್-ಸಿ ಬಾಡಿ (ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದು, ಫೋನಿನದಕ್ಕಿಂತ ಬಹಳ ದೊಡ್ಡದು), 50 ಮಿ.ಮೀ. ಲೆನ್ಸ್. ಇದಕ್ಕೆ 25 ಸೆಂ.ಮೀ. ದೂರದಲ್ಲಿ ಫೋಕಸ್ಸೇ ಆಗೋದಿಲ್ಲ, ಅರ್ಧ ಮೀಟರ್ ದೂರಕ್ಕೆ ಹಿಂದೆ ಸರಿದೆ. ಎಫ್/16 ಇಟ್ಟರೂ ಆ ದೂರದಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು 6 ಸೆಂ.ಮೀ., ಒಂದು ಬೋಗಿಯ ಉದ್ದ 28. ಎಫ್/22ಕ್ಕೆ ಹೋದರೆ ಆಳ ಸ್ವಲ್ಪ ಬೆಳೆಯುತ್ತದೆ, ಆದರೆ ಡಿಫ್ರಾಕ್ಷನ್ನಿನಿಂದ, ಅಂದರೆ ಚಿಕ್ಕ ಕಿಂಡಿಯಲ್ಲಿ ನುಸುಳುವ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಫೋಟೊ ಮೆತ್ತಗಾಗುತ್ತದೆ. ಬರಿಯ ಎಂಜಿನ್ನಿನ ಮುಖ ತೆಗೆಯೋದಾದರೆ ಇದು ಚೆನ್ನ. ಇಡೀ ರೈಲಿಗೆ ಸುಮ್ನೆ ದಂಡ.

ಆಮೇಲೆ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿ ತೆಗೆದ ಫೋಟೊಗಳ ಸ್ಪಷ್ಟ ಭಾಗಗಳನ್ನು ಸೇರಿಸಿ ಒಂದು ಮಾಡೋದು. ಟ್ರೈಪಾಡ್, ಮ್ಯಾನುಯಲ್ ಫೋಕಸ್, ಎಫ್/8, ಎರಡು ಸೆಕೆಂಡಿನ ಟೈಮರ್. ಮೂತಿಯಿಂದ ಗುಡ್ಡದ ತನಕ ಫೋಕಸನ್ನು ಕೂದಲೆಳೆಯಷ್ಟು ತಿರುಗಿಸುತ್ತಾ 22 ಫೋಟೊ. ಅವನ್ನೆಲ್ಲ ಸಾಫ್ಟ್‌ವೇರ್ ಒಂದು ಮಾಡುತ್ತದೆ. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ದುಡ್ಡು ಕೊಟ್ಟು ತರುವಂಥವು, ಎನ್‌ಫ್ಯೂಸ್ ಉಚಿತ. ಹದಿನೈದನೇ ಫೋಟೊದಲ್ಲಿ ನನ್ನ ಮೊಣಕೈ ತಾಗಿ ಸಿಗ್ನಲ್ ಕಂಬ ಬಿತ್ತು, ಮತ್ತೆ ಒಂದರಿಂದ ಶುರು. ತಂತಿ ಮತ್ತು ಕಂಬಗಳ ಸುತ್ತ ಮಸುಕು ಅಂಚು ಉಳಿಯುತ್ತದೆ, ಅದನ್ನು ಕೈಯಿಂದಲೇ ಒರೆಸಬೇಕು. ಓಡುವ ರೈಲಿಗೆ ಈ ದಾರಿ ಇಲ್ಲವೇ ಇಲ್ಲ. ಗಂಟೆಗೆ 60 ಕಿ.ಮೀ. ವೇಗ ಅಂದರೆ ನಮ್ಮ ಹಳಿಯ ಮೇಲೆ ಸೆಕೆಂಡಿಗೆ 19 ಸೆಂ.ಮೀ., ಎರಡು ಫೋಟೊ ನಡುವೆ ಎಂಜಿನ್ ಎಲ್ಲೋ ಹೋಗಿರುತ್ತದೆ. ಓಡುವ ರೈಲಿಗೆ ಫೋನೇ ಸರಿ.

ಆದರೆ ಸ್ಟ್ಯಾಕ್ ಮಾಡಿದ್ದನ್ನು ದೊಡ್ಡ ಪರದೆಯಲ್ಲಿ ತೆರೆದಾಗ ಬಾಯಿ ಕಟ್ಟಿಹೋಯಿತು, ಸುಳ್ಳು ಹೇಳೋದಿಲ್ಲ. ಬೋಗಿಯ ನಂಬರು, ಕಿಟಕಿಯ ಸರಳು, ಗುಡ್ಡದ ಮೇಲಿನ ಬ್ರಷ್ಷಿನ ಗೀರು, ಎಲ್ಲವೂ ಇದೆ. ಬೇಡದ್ದೂ ಇದೆ: ಹಳಿಯ ಮೇಲೆ ಬಿದ್ದ ಅರ್ಧ ಮಿ.ಮೀ. ದಪ್ಪದ ನೂಲು ಈ ಸ್ಕೇಲಿನಲ್ಲಿ ನಾಲ್ಕು ಸೆಂ.ಮೀ. ದಪ್ಪದ ಹಗ್ಗ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಬೇಕಾದರೆ ಇದನ್ನೇ ಮಾಡಿ, ಆದರೆ ಮೊದಲು ಮೆತ್ತನೆ ಬ್ರಷ್ಷಿನಲ್ಲಿ ಗುಡಿಸಿ.

ಹಳೇ ಫೋನಿನದ್ದು ಮತ್ತು ಸ್ಟ್ಯಾಕ್ ಮಾಡಿದ್ದು, ಎರಡನ್ನೂ ಇದೇ ಹುಚ್ಚಿರುವ ಗೆಳೆಯರಿಗೆ ಕಳಿಸಿದೆ, ಯಾವುದು ಯಾವುದು ಅಂತ ಹೇಳದೆ. ಮೊದಲನೆಯದಕ್ಕೆ ಬೆಳಗಿನ ರೈಲಿನ ನೆನಪು ಬಂತು ಅಂತ ಒಬ್ಬರು ಬರೆದರು. ಎರಡು ಗಂಟೆ ಬೆವರು ಸುರಿಸಿದ ಎರಡನೆಯದಕ್ಕೆ ಬಂದ ಉತ್ತರ ಒಂದೇ: "ಕೊನೆ ಬೋಗಿಯ ಹಿಂದಿನ ಚಕ್ರ ಹಳಿ ಬಿಟ್ಟಿದೆ, ನೋಡಿದ್ರಾ?"

ಹೋಗಿ ನೋಡಿದೆ. ಬಿಟ್ಟಿತ್ತು.